ಗಾಳಿ ನಮ್ಮ ಕೈಯಲ್ಲಿಲ್ಲ, ಚುಕ್ಕಾಣಿ ನಮ್ಮ ಕೈಯಲ್ಲಿದೆ

*ಇಂದಿನ ಧಮ್ಮ ಚಿಂತನೆ: ವರ್ಷಾವಾಸ ಮಾಲಿಕೆ*
ಡಾಬಕಾ, ತಾ. ಔರಾದ, ಜಿ. ಬೀದರ





ನಾವು ಬೀದರ ಜಿಲ್ಲೆಯವರು. ಸಮುದ್ರ ನಮಗೆ ದೂರ. ನಮ್ಮಲ್ಲಿ ಅನೇಕರು ಅದನ್ನು ಮೊದಲ ಸಲ ನೋಡಿದ್ದು ಡಿಸೆಂಬರ್ 6ರಂದು ಚೈತ್ಯಭೂಮಿಗೆ ಹೋದಾಗ, ದಾದರಿನ ದಂಡೆಯಲ್ಲಿ. ಆದರೆ ನಮ್ಮ ಹೊಲದ ತೊಗರಿ, ಸೋಯಾ, ಹೆಸರು, ಉದ್ದು ಎಲ್ಲವೂ ನಿಂತಿರುವುದು ಸಮುದ್ರದಿಂದ ಬರುವ ಗಾಳಿಯ ಮೇಲೆಯೇ. ಭೂಮಧ್ಯರೇಖೆಯ ಕೆಳಗೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಆಗ್ನೇಯದಿಂದ ಬೀಸುವ ಗಾಳಿ ರೇಖೆಯನ್ನು ದಾಟಿದ ಮೇಲೆ ತಿರುಗಿ ನೈಋತ್ಯ ಮುಂಗಾರು ಆಗುತ್ತದೆ. ಮಿರಗದಲ್ಲಿ ನಾವು ಆಕಾಶ ನೋಡುತ್ತ ಕಾಯುವುದು ಈ ಗಾಳಿಗಾಗಿಯೇ. ಆದ್ದರಿಂದ ಇವತ್ತು ಆ ಸಮುದ್ರದ ಗಾಳಿಯನ್ನೇ ಹಿಡಿದು ಧಮ್ಮದ ಮಾತು ಆಡೋಣ.

*ಒಬ್ಬನೇ, ಒಂದು ಹಾಯಿದೋಣಿ*

ಗೋಲ್ಡನ್ ಗ್ಲೋಬ್ ಎಂಬ ಒಂದು ಪಂದ್ಯ ಇದೆ. ಒಬ್ಬರೇ ಒಂದು ಹಾಯಿದೋಣಿಯಲ್ಲಿ ಹೊರಟು, ಎಲ್ಲೂ ದಡಕ್ಕೆ ಇಳಿಯದೆ, ಯಾರ ಸಹಾಯವನ್ನೂ ಪಡೆಯದೆ ಇಡೀ ಭೂಮಿಯನ್ನು ಸುತ್ತಿ ಬರಬೇಕು. ದಾರಿ ಸುಮಾರು 48,000 ಕಿಲೋಮೀಟರ್. ಏಳೆಂಟು ತಿಂಗಳು ಹಿಡಿಯುತ್ತದೆ. ಈಗಿನ ಪಂದ್ಯದಲ್ಲೂ ಹಳೆಯ ಕಾಲದ ಸಾಧನಗಳನ್ನೇ ಬಳಸಬೇಕೆಂಬ ನಿಯಮ ಇದೆ. ದಾರಿಗೆ ಜಿಪಿಎಸ್ ನೋಡುವಂತಿಲ್ಲ. ಸೂರ್ಯ, ನಕ್ಷತ್ರಗಳ ಎತ್ತರವನ್ನು ಸೆಕ್ಸ್ಟಂಟ್ ಎಂಬ ಉಪಕರಣದಿಂದ ಅಳೆದು, ಕಾಗದದ ನಕ್ಷೆಯ ಮೇಲೆ ಗುರುತು ಹಾಕಿ, ತಾನು ಎಲ್ಲಿದ್ದೇನೆ ಎಂದು ತಾನೇ ಲೆಕ್ಕ ಮಾಡಬೇಕು.

ಈ ಪಂದ್ಯ ಮೊದಲು ನಡೆದದ್ದು 1968–69ರಲ್ಲಿ. ಒಂಬತ್ತು ಜನ ಹೊರಟರು. ಗುರಿ ಮುಟ್ಟಿದವರು ಒಬ್ಬರೇ, ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರು 312 ದಿನ ಸಮುದ್ರದ ಮೇಲಿದ್ದರು. ಅವರ ದೋಣಿಯ ಹೆಸರು 'ಸುಹೈಲಿ'. ಸಾಗುವಾನಿ ಮರದ ಆ ದೋಣಿ ಕಟ್ಟಿದ್ದು ನಮ್ಮ ಮುಂಬೈಯಲ್ಲಿ.

ಐವತ್ತು ವರ್ಷದ ಮೇಲೆ, 2018ರ ಜುಲೈ 1ರಂದು, ಫ್ರಾನ್ಸಿನ ಲೆ ಸಾಬ್ಲ್ ದೊಲೊನ್ ಎಂಬ ಬಂದರಿನಿಂದ ಅದೇ ಪಂದ್ಯ ಮತ್ತೆ ಹೊರಟಿತು. ಅದರಲ್ಲಿ ಭಾರತೀಯ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟಾಮಿ ಇದ್ದರು. 2012ರ ನವೆಂಬರಿನಿಂದ 2013ರ ಮಾರ್ಚಿನವರೆಗೆ 'ಮ್ಹಾದೇಯಿ' ಎಂಬ ಹಾಯಿದೋಣಿಯಲ್ಲಿ ಮುಂಬೈಯಿಂದ ಹೊರಟು, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದ ಮೊದಲ ಭಾರತೀಯ ಅವರು. 2018ರ ಪಂದ್ಯಕ್ಕೆ ಅವರು ಒಯ್ದ ದೋಣಿ 'ತುರಿಯ'. ಸುಹೈಲಿಯ ನಮೂನೆಯಲ್ಲೇ ಗೋವಾದಲ್ಲಿ ಕಟ್ಟಿದ್ದು.

*ದಾರಿ ಬರೆಯುವುದು ಹವಾಮಾನ*

ಇಷ್ಟು ದೂರದ ಪಂದ್ಯದಲ್ಲಿ ನೇರ ಗೆರೆ ಎಳೆದು ಹೋಗಲು ಬರುವುದಿಲ್ಲ. ಹಾಯಿದೋಣಿ ಗಾಳಿ ಇರುವ ಕಡೆ ಹೋಗಬೇಕು. ಮೊದಲು ಈಶಾನ್ಯದ ವಾಣಿಜ್ಯ ಮಾರುತ ಸಿಗುತ್ತದೆ, ದೋಣಿ ಸರಾಗವಾಗಿ ಓಡುತ್ತದೆ. ಆಮೇಲೆ ಭೂಮಧ್ಯರೇಖೆಯ ಹತ್ತಿರ ಗಾಳಿಯೇ ಇಲ್ಲದ ಪಟ್ಟಿ. ಅಲ್ಲಿ ಸೆಕೆ, ಮೋಡ, ಇದ್ದಕ್ಕಿದ್ದಂತೆ ಒಂದು ಬಿರುಮಳೆ, ಮತ್ತೆ ಸ್ತಬ್ಧ. ಹಾಯಿ ಜೋತು ಬಿದ್ದು ದಿನಗಟ್ಟಲೆ ದೋಣಿ ನಿಂತಲ್ಲೇ ನಿಲ್ಲುತ್ತದೆ. ಅದನ್ನು ದಾಟಿದರೆ ಆಗ್ನೇಯದ ಗಾಳಿ. ಅಲ್ಲಿಂದ ಕೆಳಗೆ ಅಟ್ಲಾಂಟಿಕ್ ಸಾಗರದ ನಡುವೆ ಗಾಳಿ ಮಂದವಾದ ಒಂದು ದೊಡ್ಡ ಅಧಿಕ ಒತ್ತಡದ ಪ್ರದೇಶ. ನೇರ ಹೋದವನು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಬಳಸಿ ಹೋದವನು ಮುಂದಾಗುತ್ತಾನೆ. ದೂರದ ದಾರಿಯೇ ಬೇಗನೆ ಮುಟ್ಟಿಸುತ್ತದೆ.

ಇನ್ನೂ ದಕ್ಷಿಣಕ್ಕೆ, 40ನೇ ಅಕ್ಷಾಂಶದ ಕೆಳಗೆ, ನೆಲ ಕಡಿಮೆ, ನೀರೇ ಹೆಚ್ಚು. ಗಾಳಿಯನ್ನು ತಡೆಯುವ ಬೆಟ್ಟ ಇಲ್ಲ. ನಾವಿಕರು ಅದನ್ನು 'ಆರ್ಭಟಿಸುವ ನಲವತ್ತು' ಎಂದು ಕರೆಯುತ್ತಾರೆ. ಅಲ್ಲಿ ವಾಯುಭಾರ ಕುಸಿತಗಳು ಪಶ್ಚಿಮದಿಂದ ಪೂರ್ವಕ್ಕೆ ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತಿರುತ್ತವೆ. ಕುಸಿತ ಬರುವ ಮುಂಚೆ ಬ್ಯಾರೋಮೀಟರಿನ ಮುಳ್ಳು ಇಳಿಯುತ್ತದೆ, ಗಾಳಿ ವಾಯವ್ಯದಿಂದ ಜೋರಾಗಿ ಬೀಸುತ್ತದೆ. ಅದರ ಶೀತ ಅಂಚು ದಾಟಿದ ಕೂಡಲೇ ಗಾಳಿ ನೈಋತ್ಯಕ್ಕೆ ತಿರುಗಿಬಿಡುತ್ತದೆ.

ಇಲ್ಲಿ ಒಂದು ಮಾತು ಗಮನಿಸಿರಿ, ಮುಂದೆ ಬೇಕಾಗುತ್ತದೆ. ಗಾಳಿ ತಿರುಗುವುದು ಸ್ವಲ್ಪ ಹೊತ್ತಿನ ಕೆಲಸ. ಆದರೆ ಹಳೆಯ ಗಾಳಿ ಎಬ್ಬಿಸಿದ ಅಲೆಗಳು ಕೂಡಲೇ ನಿಲ್ಲುವುದಿಲ್ಲ. ಅವು ಗಂಟೆಗಟ್ಟಲೆ ತಮ್ಮ ಹಳೆಯ ದಿಕ್ಕಿಗೇ ಉರುಳುತ್ತಿರುತ್ತವೆ. ಅದೇ ಹೊತ್ತಿಗೆ ಹೊಸ ಗಾಳಿ ಬೇರೆ ದಿಕ್ಕಿನಿಂದ ಹೊಸ ಅಲೆ ಎಬ್ಬಿಸುತ್ತದೆ. ಎರಡೂ ಅಡ್ಡಡ್ಡ ಹಾಯ್ದು, ಒಂದರ ಮೇಲೊಂದು ಏರಿ, ಗೋಡೆಯ ಹಾಗೆ ಎದ್ದು ಒಡೆಯುತ್ತವೆ. ದೋಣಿಗಳು ಮಗುಚುವುದು ಹೆಚ್ಚಾಗಿ ಇಂಥ ಅಡ್ಡ ಅಲೆಗಳಲ್ಲೇ.

*2018ರ ಸೆಪ್ಟೆಂಬರ್ 21*

ಅಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾದ ಪರ್ತ್ ನಗರದಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿ, ಅಂಥದೇ ಒಂದು ಬಿರುಗಾಳಿ ಎದ್ದಿತು. ಗಂಟೆಗೆ ಸುಮಾರು 130 ಕಿಲೋಮೀಟರ್ ಗಾಳಿ, ಹದಿನಾಲ್ಕು ಮೀಟರಿನಷ್ಟು ಎತ್ತರದ ಅಲೆ ಎಂದು ವರದಿಯಾಯಿತು. ಅಭಿಲಾಷ್ ಆಗ ಮೂರನೇ ಸ್ಥಾನದಲ್ಲಿದ್ದರು. ತುರಿಯ ಮಗುಚಿ ಎದ್ದಿತು. ಹಾಯಿ ಕಟ್ಟುವ ಕಂಬ ಮುರಿಯಿತು. ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಎದ್ದು ನಿಲ್ಲಲು ಆಗದೆ ದೋಣಿಯೊಳಗೆ ಮಲಗಿದರು. ತುಂಡು ಸಂದೇಶವೊಂದನ್ನು ಮಾತ್ರ ಕಳಿಸಲು ಆಯಿತು.

ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಎಂಬವರ ದೋಣಿಯ ಕಂಬವೂ ಮುರಿಯಿತು. ನೆದರ್‌ಲ್ಯಾಂಡಿನ ಮಾರ್ಕ್ ಸ್ಲಾಟ್ಸ್ ಅವರ ದೋಣಿಯೂ ಮಗ್ಗುಲಿಗೆ ಬಿತ್ತು. ಆದರೆ ಕಂಬ ಉಳಿಯಿತು. ಅವರು ಪಂದ್ಯ ಮುಂದುವರಿಸಿ ಕೊನೆಗೆ ಎರಡನೆಯವರಾದರು. ಮುಂದಿದ್ದ ಫ್ರಾನ್ಸಿನ ಜಾನ್-ಲೂಕ್ ವಾನ್ ಡೆನ್ ಹೀಡ್ ಅವರ ಕಂಬಕ್ಕೆ ನವೆಂಬರಿನಲ್ಲಿ ಇನ್ನೊಂದು ಬಿರುಗಾಳಿಯಲ್ಲಿ ಹಾನಿಯಾಯಿತು. ಅವರು ಸಮುದ್ರದ ಮೇಲೆಯೇ ಅದನ್ನು ದುರಸ್ತಿ ಮಾಡಿಕೊಂಡು, 2019ರ ಜನವರಿ 29ರಂದು ಗೆದ್ದರು. ಆಗ ಅವರ ವಯಸ್ಸು 73. ಆ ಪಂದ್ಯ ಪೂರ್ತಿ ಮಾಡಿದವರು ಐದೇ ಜನ.

ಒಂದೇ ಗಾಳಿ, ಒಂದೇ ಸಮುದ್ರ. ಒಬ್ಬನ ಕಂಬ ಮುರಿಯಿತು, ಇನ್ನೊಬ್ಬನದು ಉಳಿಯಿತು. ಹಾಗಾದರೆ ಕಂಬ ಮುರಿದವನು ಪಾಪಿಯೇ? ಉಳಿದವನು ಪುಣ್ಯವಂತನೇ? ಹಿಂದಿನ ಜನ್ಮದ ಲೆಕ್ಕ ಅಲ್ಲಿ ಆ ಅಲೆಯ ಮೇಲೆ ಚುಕ್ತಾ ಆಯಿತೇ?

*ಸೀವಕನ ಪ್ರಶ್ನೆ*

ಇದೇ ಪ್ರಶ್ನೆಯನ್ನು ಭಗವಾನ್ ಬುದ್ಧರ ಮುಂದೆ ಮೋಳಿಯ ಸೀವಕ ಎಂಬ ಪರಿವ್ರಾಜಕ ಇಟ್ಟಿದ್ದ. ಸಂಯುತ್ತ ನಿಕಾಯದ ವೇದನಾ ಸಂಯುತ್ತದಲ್ಲಿ ಇದು ಬರುತ್ತದೆ. ಮನುಷ್ಯ ಅನುಭವಿಸುವ ಸುಖ, ದುಃಖ ಎಲ್ಲವೂ ಹಿಂದೆ ಮಾಡಿದ ಕರ್ಮದಿಂದಲೇ ಎಂದು ಕೆಲವರು ಹೇಳುತ್ತಾರಲ್ಲ, ತಾವು ಏನೆನ್ನುತ್ತೀರಿ ಎಂದು ಕೇಳಿದ. ಬುದ್ಧರು ಎಂಟು ಕಾರಣ ಎಣಿಸಿದರು. ಪಿತ್ತ, ಕಫ, ವಾತ, ಈ ಮೂರರ ಕೂಡುವಿಕೆ, ಋತುವಿನ ಬದಲಾವಣೆ, ಅಜಾಗ್ರತೆಯ ನಡವಳಿಕೆ, ಬೇರೆಯವರು ಮಾಡಿದ ಹಲ್ಲೆ, ಎಂಟನೆಯದು ಕರ್ಮದ ಫಲ. ಎಲ್ಲವೂ ಹಿಂದಿನ ಕರ್ಮದಿಂದಲೇ ಎನ್ನುವವರು, ತಾವೇ ಅನುಭವಿಸಿ ತಿಳಿದದ್ದನ್ನೂ ಲೋಕಕ್ಕೆ ಗೊತ್ತಿರುವುದನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅವರ ಉತ್ತರದ ಸಾರ.

ಐದನೇ ಕಾರಣ ನೋಡಿರಿ: ಋತುವಿನ ಬದಲಾವಣೆ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಹವಾಮಾನವನ್ನು ಕರ್ಮದಿಂದ ಬೇರೆ ಮಾಡಿ ಹೇಳಿದ ಮಾತು ಇದು. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಋತು ನಿಯಮ ಬೇರೆ, ಬೀಜ ನಿಯಮ ಬೇರೆ, ಕರ್ಮ ನಿಯಮ ಬೇರೆ ಎಂದು ಬಿಡಿಸಿ ಇಟ್ಟಿದ್ದಾರೆ. ಮಳೆ, ಗಾಳಿ, ಚಳಿ ನಡೆಯುವುದು ಋತು ನಿಯಮದಿಂದ. ತೊಗರಿ ಬಿತ್ತಿದರೆ ತೊಗರಿ ಬರುವುದು ಬೀಜ ನಿಯಮದಿಂದ. ಮನುಷ್ಯ ಮನುಷ್ಯನಿಗೆ ಮಾಡುವ ಒಳಿತು ಕೆಡುಕಿನಿಂದ ಸಮಾಜದ ನೈತಿಕ ವ್ಯವಸ್ಥೆ ನಿಲ್ಲುವುದು, ಕೆಡುವುದು ಕರ್ಮ ನಿಯಮದಿಂದ. ಈ ಮೂರನ್ನು ಕಲಸಿದರೆ ಗೊಂದಲ ಹುಟ್ಟುತ್ತದೆ. ಆ ಗೊಂದಲದಿಂದ ಹೊಟ್ಟೆ ಹೊರೆಯುವವರೂ ಹುಟ್ಟುತ್ತಾರೆ.

*ನಮ್ಮ ಕೇರಿಯ ಪ್ರಶ್ನೆ*

ಇಷ್ಟು ಹೇಳಲು ಕಾರಣ ಇದೆ. ಈ ಸಲ ಮಿರಗದಲ್ಲಿ ಬಿತ್ತಿದ ಮೇಲೆ ಮಳೆ ತಪ್ಪಿತು. ಮೊಳಕೆ ಬಾಡತೊಡಗಿದಾಗ ಊರಲ್ಲಿ ಮಳೆಗಾಗಿ ಪೂಜೆ ಎಂದು ಪಟ್ಟಿ ಎತ್ತಿದರು. ನಮ್ಮ ಕೇರಿಗೂ ಬಂದರು. ಮರುದಿನ ವಿಹಾರದಲ್ಲಿ ಗ್ರಂಥವಾಚನ ಮುಗಿದ ಮೇಲೆ ಹಿರಿಯ ಉಪಾಸಿಕೆಯೊಬ್ಬರು ನನ್ನನ್ನು ಕೇಳಿದರು: "ಸರ್, ನೀವು ದೇವರಿಗಿ ಬಿಟ್ರಿ, ಅದಕ್ಕೇ ಮಳಿ ಹೋಗ್ಯದ ಅಂತ ಮಂದಿ ಅಂತಾರ್ರಿ. ಖರೇನಾ? ರೊಕ್ಕ ಕೊಡಲಿಲ್ಲಂದ್ರ ನಾಳಿ ಕೂಲಿಗಿ ಕರಿಯಲ್ಲಂತಾರ. ಏನ್ ಮಾಡಬೇಕ್ರಿ?"

ಈ ಪ್ರಶ್ನೆಯನ್ನು ನಗುವ ಹಾಗಿಲ್ಲ. ಆ ತಾಯಿ ದೀಕ್ಷೆಯನ್ನು ಮರೆತು ಕೇಳಿದ್ದಲ್ಲ. ಅವರ ಪ್ರಶ್ನೆಯಲ್ಲಿ ಎರಡು ಮಾತು ಇವೆ. ಒಂದು ಮಳೆಯದು, ಇನ್ನೊಂದು ಅನ್ನದ್ದು.

ಮಳೆಯ ಮಾತಿಗೆ ಉತ್ತರ ಸುಲಭ. ನಾವು ದೇವರನ್ನು ಬಿಟ್ಟಿದ್ದಕ್ಕೆ ಮಳೆ ಹೋಗಿದ್ದರೆ ನಮ್ಮ ಹೊಲದ ಮೇಲಷ್ಟೇ ಹೋಗಬೇಕಿತ್ತು. ಪಟ್ಟಿ ಎತ್ತಿದವರ ಹೊಲವೂ ಒಣಗಿದೆ. ದಿನಾ ಪೂಜೆ ನಡೆಯುವ ಊರುಗಳಲ್ಲೂ ಬರ ಬರುತ್ತದೆ, ದೇವರ ಹೆಸರೇ ಇಲ್ಲದ ನಡುಸಮುದ್ರದಲ್ಲೂ ಧಾರಾಕಾರ ಮಳೆ ಸುರಿಯುತ್ತದೆ. ಆದರೆ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬುದ್ಧರ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿದರೂ ಮಳೆ ಬರುವುದಿಲ್ಲ. ಬುದ್ಧರು ಮಾರ್ಗದಾತರು, ಮಳೆದಾತರಲ್ಲ. ಹಳೆಯ ದೇವರ ಜಾಗದಲ್ಲಿ ಬುದ್ಧರನ್ನು ಕೂಡಿಸಿ ಅದೇ ಹರಕೆ ಹೊತ್ತರೆ ನಮ್ಮ ದೋಣಿಯ ಹೆಸರು ಬದಲಾಯಿತೇ ಹೊರತು ದಿಕ್ಕು ಬದಲಾಗಲಿಲ್ಲ.

*ಫಾಹಿಯಾನನ ಹಡಗು*

ಅನ್ನದ ಮಾತು ಗಟ್ಟಿಯದು. ಅದಕ್ಕೆ ಒಂದು ಹಳೆಯ ಘಟನೆ ಹೇಳುತ್ತೇನೆ. ಇದು ಪುರಾಣವಲ್ಲ. ಚೀನಾದ ಭಿಕ್ಷು ಫಾಹಿಯಾನ್ ತನ್ನ ಪ್ರಯಾಣದ ದಾಖಲೆಯಲ್ಲಿ ತಾನೇ ಬರೆದಿಟ್ಟದ್ದು. ಐದನೇ ಶತಮಾನದ ಆರಂಭ. ಭಾರತದಲ್ಲಿ ವರ್ಷಗಟ್ಟಲೆ ಇದ್ದು ವಿನಯದ ಗ್ರಂಥಗಳನ್ನು ಸಂಗ್ರಹಿಸಿ, ಸಿಂಹಳದಲ್ಲಿ ಎರಡು ವರ್ಷ ಕಳೆದು, ಅವರು ವ್ಯಾಪಾರಿ ಹಡಗು ಹತ್ತಿದರು. ಎರಡೇ ದಿನದಲ್ಲಿ ಬಿರುಗಾಳಿ ಎದ್ದು ಹಡಗು ಸೋರತೊಡಗಿತು. ವ್ಯಾಪಾರಿಗಳು ಭಾರ ಇಳಿಸಲು ಸಾಮಾನು ಎಸೆದರು. ಫಾಹಿಯಾನ್ ತಮ್ಮ ನೀರಿನ ಪಾತ್ರೆಯನ್ನೂ ಎಸೆದರು, ಆದರೆ ಗ್ರಂಥಗಳನ್ನು ಎಲ್ಲಿ ಎಸೆಯುತ್ತಾರೋ ಎಂದು ಅಂಜಿದರು, ಬೋಧಿಸತ್ವನನ್ನು ನೆನೆದರು. ಅಂಜಿಕೆ ಯಾರಿಗಿಲ್ಲ? ಆದರೆ ಹಡಗು ಉಳಿದದ್ದು ಹೇಗೆ ಎಂದೂ ಅವರೇ ಬರೆದಿದ್ದಾರೆ. ಹದಿಮೂರು ದಿನದ ಮೇಲೆ ಒಂದು ದ್ವೀಪ ಸಿಕ್ಕಿತು, ಉಬ್ಬರ ಇಳಿದಾಗ ಸೋರುವ ಜಾಗ ಕಂಡಿತು, ಅದನ್ನು ಮುಚ್ಚಿದರು.

ಅಲ್ಲಿಂದ ಯವದ್ವೀಪ ಮುಟ್ಟಿ, ಐದು ತಿಂಗಳು ಇದ್ದು, ಇನ್ನೊಂದು ಹಡಗಿನಲ್ಲಿ ಚೀನಾದ ಕಡೆ ಹೊರಟರು. ಇನ್ನೂರಕ್ಕೂ ಹೆಚ್ಚು ಜನ, ಐವತ್ತು ದಿನಕ್ಕೆ ಸಾಲುವಷ್ಟು ಆಹಾರ. ತಿಂಗಳ ಮೇಲೆ ಒಂದು ರಾತ್ರಿ ಕರಿಗಾಳಿ, ಭಾರೀ ಮಳೆ. ಬೆಳಗಾದ ಮೇಲೆ ಹಡಗಿನಲ್ಲಿದ್ದ ಬ್ರಾಹ್ಮಣರು ಕೂಡಿ ಮಾತಾಡಿಕೊಂಡರು. ಈ ಶ್ರಮಣ ಹಡಗಿನಲ್ಲಿ ಇರುವುದರಿಂದಲೇ ನಮಗೆ ಈ ಕಷ್ಟ ಬಂತು, ಇವನನ್ನು ಯಾವುದಾದರೂ ದ್ವೀಪದ ದಂಡೆಯಲ್ಲಿ ಇಳಿಸಿಬಿಡೋಣ, ಒಬ್ಬನಿಗಾಗಿ ನಾವೆಲ್ಲ ಯಾಕೆ ಸಾಯಬೇಕು ಎಂದರು.

ಬಂಧುಗಳೇ, ಹದಿನಾರು ನೂರು ವರ್ಷದ ಹಿಂದಿನ ಮಾತು ಇದು. "ನೀವು ದೇವರಿಗಿ ಬಿಟ್ರಿ, ಅದಕ್ಕೇ ಮಳಿ ಹೋಯ್ತು" ಎಂಬ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಹವಾಮಾನ ಕೆಟ್ಟಾಗ ಅದಕ್ಕೊಬ್ಬ ತಪ್ಪಿತಸ್ಥ ಬೇಕು. ಒಬ್ಬಂಟಿಯಾದವನು, ಬೇರೆ ದಾರಿ ಹಿಡಿದವನು ಸುಲಭವಾಗಿ ಸಿಗುತ್ತಾನೆ. ಅವನನ್ನು ದ್ವೀಪದಲ್ಲಿ ಇಳಿಸುವುದಕ್ಕೆ ನಮ್ಮ ಕಡೆ ಬಹಿಷ್ಕಾರ ಎನ್ನುತ್ತಾರೆ. ಬಾಬಾಸಾಹೇಬರು 1927ರಲ್ಲಿ ತಮ್ಮ ಪತ್ರಿಕೆಗೆ 'ಬಹಿಷ್ಕೃತ ಭಾರತ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಫಾಹಿಯಾನರನ್ನು ಉಳಿಸಿದ್ದು ಯಾವ ಪವಾಡವೂ ಅಲ್ಲ. ಅವರ ದಾನಿಯಾಗಿದ್ದ ಒಬ್ಬ ಪ್ರಯಾಣಿಕ ಎದ್ದು ನಿಂತ. ಈ ಭಿಕ್ಷುವನ್ನು ಇಳಿಸುವುದಾದರೆ ನನ್ನನ್ನೂ ಇಳಿಸಿರಿ, ಇಲ್ಲವಾದರೆ ಕೊಲ್ಲಿರಿ, ಚೀನಾ ಮುಟ್ಟಿದ ಮೇಲೆ ಅಲ್ಲಿನ ರಾಜನಿಗೆ ಹೇಳುತ್ತೇನೆ, ಅವನೂ ಬುದ್ಧನ ಧಮ್ಮ ಗೌರವಿಸುವವನು ಎಂದ. ವ್ಯಾಪಾರಿಗಳು ಹಿಂಜರಿದರು. ಹಡಗು ದಾರಿ ತಪ್ಪಿ ಎಷ್ಟೋ ಉತ್ತರಕ್ಕೆ ಶಾಂಡೊಂಗ್ ದಂಡೆ ಸೇರಿತು. ಭಿಕ್ಷುವೂ ಉಳಿದರು, ಗ್ರಂಥಗಳೂ ಉಳಿದವು.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಆಯಿ, ಖರೇ ಅಲ್ಲ. ನೀವು ಕೊಡಬೇಡಿ, ಆದರೆ ಒಬ್ಬರೇ ನಿಂತು ಇಲ್ಲ ಅನ್ನಬೇಡಿ, ನಾವೆಲ್ಲ ಕೂಡಿ ಹೋಗಿ ಹೇಳುತ್ತೇವೆ. ಆ ವಾರ ನಮ್ಮ ಕೇರಿಯ ಎಂಟು ಜನ ಊರಿನ ಹಿರಿಯರ ಹತ್ತಿರ ಹೋಗಿ ಮಾತಾಡಿದೆವು. ಸಿಟ್ಟಿನಿಂದ ಅಲ್ಲ. ನಿಮ್ಮ ಪೂಜೆ ನಿಮಗೆ, ನಮ್ಮ ನಂಬಿಕೆ ನಮಗೆ, ಇದು ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟ ಹಕ್ಕು. ಕೆರೆಯ ಹೂಳು ತೆಗೆಯುವುದಾದರೆ ಹೇಳಿರಿ, ಮನೆಗೊಬ್ಬರು ಸಲಿಕೆ ಹಿಡಿದು ಬರುತ್ತೇವೆ ಎಂದೆವು. ಕೂಲಿಗೆ ಕರೆಯುವುದು ನಿಲ್ಲಲಿಲ್ಲ.

*ಗಾಳಿ ತಿರುಗಿತು, ಅಲೆ ತಿರುಗಿಲ್ಲ*

ಹಿಂದೆ ಗಮನಿಸಿರಿ ಎಂದ ಮಾತಿಗೆ ಈಗ ಬರುತ್ತೇನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಗಾಳಿ ತಿರುಗಿತು. ಬಾಬಾಸಾಹೇಬರು ತಾವು ದೀಕ್ಷೆ ಪಡೆದು, ಲಕ್ಷಾಂತರ ಜನರಿಗೆ ದೀಕ್ಷೆಯನ್ನೂ 22 ಪ್ರತಿಜ್ಞೆಗಳನ್ನೂ ಕೊಟ್ಟರು. ಒಂದು ದಿನದಲ್ಲಿ ದಿಕ್ಕು ಬದಲಾಯಿತು. ಆದರೆ ಸಾವಿರಾರು ವರ್ಷ ಒಂದೇ ಕಡೆ ಬೀಸಿದ ಗಾಳಿ ಎಬ್ಬಿಸಿದ ಅಲೆಗಳು ಒಂದು ದಿನದಲ್ಲಿ ಮಲಗುತ್ತವೆಯೇ? ಊರ ಹೊರಗೂ ಇವೆ, ನಮ್ಮ ಮನೆಯೊಳಗೂ ಇವೆ. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಮಗಳ ಮದುವೆಗೆ ಪಂಚಾಂಗ. ವಿಹಾರದಲ್ಲಿ ತ್ರಿಸರಣ, ಕೂಸಿಗೆ ಜ್ವರ ಬಂದರೆ ತಾಯತ. ಬಾಯಲ್ಲಿ ಸಮತೆ, ಮನೆಯಲ್ಲಿ ಸೊಸೆಗೆ ಕೊನೆಯ ಊಟ.

ಇದನ್ನು ನೋಡಿ ಕೆಲವು ಯುವಕರು ನಮ್ಮ ಮಂದಿ ಸುಧಾರಿಸುವುದಿಲ್ಲ ಎಂದು ಬೇಸರ ಪಡುತ್ತಾರೆ. ಇನ್ನು ಕೆಲವು ಹಿರಿಯರು ದೀಕ್ಷೆ ಆಯಿತಲ್ಲ, ಇನ್ನೇನು ಎಂದು ಸುಮ್ಮನಾಗುತ್ತಾರೆ. ಎರಡೂ ಸರಿಯಲ್ಲ. ಹಳೆಯ ಅಲೆ ಹೊಸ ಗಾಳಿಯನ್ನು ಹಾಯುವ ಹೊತ್ತೇ ಹೆಚ್ಚು ಅಪಾಯದ್ದು. ನಾವು ಇರುವುದು ಆ ಹೊತ್ತಿನಲ್ಲಿ. ಅಡ್ಡ ಅಲೆ ಇದ್ದಾಗ ನಾವಿಕ ಹಾಯಿಯನ್ನು ಮಡಿಚಿ ಚಿಕ್ಕದು ಮಾಡುತ್ತಾನೆ, ಬಾಗಿಲು ಭದ್ರ ಮಾಡುತ್ತಾನೆ, ಹಗ್ಗದಿಂದ ತನ್ನನ್ನು ದೋಣಿಗೆ ಕಟ್ಟಿಕೊಳ್ಳುತ್ತಾನೆ, ಚುಕ್ಕಾಣಿಯ ಮೇಲೆ ಗಮನ ಇಡುತ್ತಾನೆ. ಪಾಲಿಯಲ್ಲಿ ಇದಕ್ಕೆ ಅಪ್ಪಮಾದ ಎಂಬ ಒಂದೇ ಮಾತು ಇದೆ. ಎಚ್ಚರ ತಪ್ಪದಿರುವುದು. ಅಡ್ಡ ಅಲೆಯ ಹೊತ್ತು ದೊಡ್ಡ ಹಾಯಿ ಬಿಚ್ಚಿ ಮೆರೆಯುವ ಹೊತ್ತಲ್ಲ. ಜಯಂತಿಗೆ ಸಾಲ ಮಾಡಿ ಡಿಜೆ ತರುವ ಗೆಳೆಯರು ಈ ಮಾತನ್ನು ಯೋಚಿಸಬೇಕು.

*ದೋಣಿಯ ದಿನಚರಿ ಪುಸ್ತಕ*

ಮೊದಲ ಪಂದ್ಯದ ಇನ್ನೊಂದು ಘಟನೆ ನಮಗೆ ಪಾಠ. ಆ ಒಂಬತ್ತು ಜನರಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬವರಿದ್ದರು. ತಯಾರಿ ಸಾಲದ ದೋಣಿ, ಮೇಲೆ ಸಾಲದ ಭಾರ. ದಕ್ಷಿಣದ ಸಮುದ್ರ ತಮ್ಮ ದೋಣಿಗೆ ಆಗದು ಎಂದು ಗೊತ್ತಾದ ಮೇಲೆ ಅವರು ಅಟ್ಲಾಂಟಿಕ್ ಸಾಗರದಲ್ಲೇ ಸುತ್ತುತ್ತ, ಬೇರೆ ಕಡೆ ಇದ್ದೇನೆ ಎಂದು ರೇಡಿಯೋದಲ್ಲಿ ಸುಳ್ಳು ಸ್ಥಾನ ಹೇಳಿದರು. ಸುಳ್ಳನ್ನು ಉಳಿಸಲು ಇನ್ನಷ್ಟು ಸುಳ್ಳು ಬೇಕಾಯಿತು. 1969ರ ಜುಲೈ 10ರಂದು ಅವರ ದೋಣಿ ಸಿಕ್ಕಿತು, ಅವರು ಸಿಗಲಿಲ್ಲ. ಗೆದ್ದ ನಾಕ್ಸ್-ಜಾನ್‌ಸ್ಟನ್ ತಮ್ಮ 5,000 ಪೌಂಡ್ ಬಹುಮಾನವನ್ನು ಅವರ ಕುಟುಂಬಕ್ಕೆ ಕೊಟ್ಟರು.

ನಾನು ಕ್ರೌಹರ್ಸ್ಟ್ ಅವರನ್ನು ನಿಂದಿಸಲು ಇದನ್ನು ಹೇಳುತ್ತಿಲ್ಲ. ಬಿರುಗಾಳಿ ಅವರನ್ನು ಮುಳುಗಿಸಲಿಲ್ಲ. ಸೋತೆ ಎಂದು ಹೇಳಲಾಗದ ಮನಸ್ಸು ಮುಳುಗಿಸಿತು. ಪಂಚಶೀಲದ ನಾಲ್ಕನೆಯದು ಸುಳ್ಳಾಡದಿರುವುದು. ಅದು ಬೇರೆಯವರಿಗಷ್ಟೇ ಅಲ್ಲ, ತನಗೂ ಸುಳ್ಳಾಡದಿರುವುದು. ನಮ್ಮಲ್ಲಿ ಬೆಳೆ ಹೋದ ವರ್ಷ ಸಾಲದ ಲೆಕ್ಕವನ್ನು ಹೆಂಡತಿಗೂ ಹೇಳದೆ, ಗೆಳೆಯರಿಗೂ ಹೇಳದೆ ಒಳಗೇ ಇಟ್ಟುಕೊಂಡು ಕೊರಗುವ ರೈತರು ಇದ್ದಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ, ಅಣ್ಣಂದಿರೇ, ನೀವು ಎಲ್ಲಿದ್ದೀರಿ ಎಂಬ ಖರೇ ಸ್ಥಾನ ಹೇಳಿರಿ. ಹೇಳಿದರೆ ಯಾರಾದರೂ ಬರಲು ಆಗುತ್ತದೆ.

*ಬರುವವರೂ ಇದ್ದಾರೆ*

ಅಭಿಲಾಷ್ ಖರೇ ಸ್ಥಾನ ಹೇಳಿದ್ದರಿಂದಲೇ ಬದುಕಿದರು. ನೌಕಾಪಡೆಯ ವಿಮಾನ ಅವರ ದೋಣಿಯನ್ನು ಕಂಡುಹಿಡಿಯಿತು. ತನ್ನ ಕಂಬವೂ ಮುರಿದಿದ್ದ ಮೆಕ್‌ಗಕಿನ್, ಸಿಕ್ಕ ತುಂಡಿನಿಂದ ತಾತ್ಕಾಲಿಕ ಕಂಬ ನಿಲ್ಲಿಸಿಕೊಂಡು ಅಭಿಲಾಷ್ ಇರುವ ಕಡೆಗೇ ಹೊರಟರು. ಸೆಪ್ಟೆಂಬರ್ 24ರಂದು ಫ್ರಾನ್ಸಿನ ಮೀನುಗಾರಿಕೆ ಗಸ್ತು ಹಡಗು 'ಒಸಿರಿಸ್' ಇಬ್ಬರನ್ನೂ ಎತ್ತಿಕೊಂಡಿತು. ಅಭಿಲಾಷ್ ಅವರ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು. ನಡೆಯುವುದನ್ನು ಮತ್ತೆ ಕಲಿತರು.

2022ರ ಸೆಪ್ಟೆಂಬರ್ 4ರಂದು ಅದೇ ಪಂದ್ಯ ಮತ್ತೆ ಹೊರಟಾಗ ಅಭಿಲಾಷ್ ಮತ್ತೆ ಇದ್ದರು. ಈ ಸಲದ ದೋಣಿ 'ಬಯಾನತ್'. ದೋಣಿಯ ಸಾಧನ ಮುರಿದಾಗ ಒಳಗಿನ ಹಲಗೆಗಳನ್ನೇ ಕತ್ತರಿಸಿ ದುರಸ್ತಿ ಮಾಡಿಕೊಂಡರು. 236 ದಿನದ ಮೇಲೆ, 2023ರ ಏಪ್ರಿಲ್ 29ರಂದು, ಎರಡನೆಯವರಾಗಿ ದಡ ಸೇರಿದರು. ಎರಡು ದಿನ ಮೊದಲು ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನ್ಯೂಶೇಫರ್ ಎಂಬ ಹೆಣ್ಣುಮಗಳು. ಆ ನವೆಂಬರಿನಲ್ಲಿ ಫಿನ್‌ಲ್ಯಾಂಡಿನ ಟಾಪಿಯೊ ಲೆಹ್ಟಿನೆನ್ ಅವರ ದೋಣಿ ಹಿಂದೂ ಮಹಾಸಾಗರದಲ್ಲಿ ನಿಮಿಷಗಳಲ್ಲಿ ಮುಳುಗಿದಾಗ, ಪಂದ್ಯದ ಚಿಂತೆ ಬಿಟ್ಟು ರಾತ್ರಿಯೆಲ್ಲ ದೋಣಿ ನಡೆಸಿ ಅವರನ್ನು ಜೀವರಕ್ಷಕ ತೆಪ್ಪದಿಂದ ಎತ್ತಿಕೊಂಡವರು ಇವರೇ. ಭೂಮಿ ಸುತ್ತುವ ಒಂಟಿ ಪಂದ್ಯವನ್ನು ಗೆದ್ದ ಮೊದಲ ಮಹಿಳೆ. ಮೈತ್ರಿಗೆಂದು ತಿರುಗಿದರೆ ಗುರಿ ತಪ್ಪುತ್ತದೆ ಎನ್ನುವವರಿಗೆ ಇದು ಉತ್ತರ.

*ಬಾಬಾಸಾಹೇಬರ ಪುಸ್ತಕಗಳು*

ಕೊನೆಯದಾಗಿ ನಮ್ಮ ನಾವಿಕನ ಮಾತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಜಾತಿ ಕೆಡಿಸುವ ಪಾಪಗಳಲ್ಲಿ ಎಣಿಸುತ್ತದೆ. ಆ ಸಮುದ್ರವನ್ನು ಬಾಬಾಸಾಹೇಬರು 1913ರಲ್ಲಿ ದಾಟಿ ನ್ಯೂಯಾರ್ಕಿಗೆ ಓದಲು ಹೋದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು, ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಮಹಾಯುದ್ಧದ ಕಾಲ. ಅವರ ಪುಸ್ತಕಗಳಿದ್ದ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಹಸಿವು ಕಟ್ಟಿಕೊಂಡು ಕೊಂಡ ಪುಸ್ತಕಗಳು ನೀರು ಪಾಲಾದವು. ಊರಿಗೆ ಬಂದರೆ ಬರೋಡಾದಲ್ಲಿ ಇರಲು ಒಂದು ಕೋಣೆಯೂ ಸಿಗಲಿಲ್ಲ.

ಅಂಗುತ್ತರ ನಿಕಾಯದಲ್ಲಿ ಬುದ್ಧರು ಎಂಟು ಲೋಕಧಮ್ಮ ಹೇಳುತ್ತಾರೆ. ಲಾಭ–ನಷ್ಟ, ಕೀರ್ತಿ–ಅಪಕೀರ್ತಿ, ನಿಂದೆ–ಹೊಗಳಿಕೆ, ಸುಖ–ದುಃಖ. ಚೀನಾ, ಜಪಾನಿನ ಬೌದ್ಧರು ಇವನ್ನು ಎಂಟು ಗಾಳಿ ಎಂದೇ ಕರೆಯುತ್ತಾರೆ. 1917ರಲ್ಲಿ ಬಾಬಾಸಾಹೇಬರ ಮೇಲೆ ಇವುಗಳಲ್ಲಿ ಕೆಟ್ಟ ನಾಲ್ಕೂ ಒಟ್ಟಿಗೆ ಬೀಸಿದವು. ಅವರು ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ, ಹಣ ಕೂಡಿಸಿ, 1920ರಲ್ಲಿ ಮತ್ತೆ ಹಡಗು ಹತ್ತಿದರು. 1923ರಲ್ಲಿ ಲಂಡನ್ನಿನ ಡಿ.ಎಸ್ಸಿ. ಪದವಿ ಪಡೆದರು. ಗಾಳಿಯನ್ನು ಬೈಯುತ್ತ ಕೂಡಲಿಲ್ಲ, ಗಾಳಿಗೆ ಹರಕೆಯನ್ನೂ ಹೊರಲಿಲ್ಲ.

ಬುದ್ಧರು ಕೊನೆಯ ದಿನಗಳಲ್ಲಿ 'ಅತ್ತದೀಪ' ಆಗಿರಿ ಎಂದರು. ಪಾಲಿಯ ದೀಪ ಎಂಬ ಮಾತಿಗೆ ಬೆಳಕು ಎಂಬ ಅರ್ಥವೂ ಇದೆ, ದ್ವೀಪ ಎಂಬ ಅರ್ಥವೂ ಇದೆ. ಅಲೆಗಳ ನಡುವೆ ಕಾಲೂರಲು ಸಿಗುವ ನೆಲ ನೀವೇ ಆಗಿರಿ ಎಂದು ಹಾಗೂ ಓದಬಹುದು. ಯಾರನ್ನೋ ಇಳಿಸಿ ಬಿಟ್ಟುಹೋಗುವ ದ್ವೀಪ ಅಲ್ಲ, ಬಳಲಿದವರು ಬಂದು ನಿಲ್ಲಬಹುದಾದ ದ್ವೀಪ.

*ಇಂದಿನ ಸಂಕಲ್ಪ*

1. ಮಳೆ, ಬರ, ಸಿಡಿಲಿಗೆ ಯಾರ ಪಾಪವನ್ನೂ ಕಾರಣ ಎನ್ನುವುದಿಲ್ಲ. ಬೇರೆಯವರು ಅಂದರೆ ಶಾಂತವಾಗಿ ಋತು ನಿಯಮ ಹೇಳುತ್ತೇನೆ.

2. ಗಾಳಿಯ ಲೆಕ್ಕ ಇಡುತ್ತೇನೆ. ಮೊಬೈಲಿನಲ್ಲಿ ಹವಾಮಾನ ವರದಿ ನೋಡಿ ಬಿತ್ತುತ್ತೇನೆ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ 'ದಾಮಿನಿ' ಆ್ಯಪ್ ಮನೆಯಲ್ಲಿ ಒಬ್ಬರಾದರೂ ಹಾಕಿಕೊಳ್ಳುತ್ತೇವೆ. ಗುಡುಗುವಾಗ ಮರದ ಕೆಳಗೆ ನಿಲ್ಲುವುದಿಲ್ಲ.

3. ಸೋಯಾ ಒಂದನ್ನೇ ನಂಬದೆ ಸಾಲಿನ ನಡುವೆ ತೊಗರಿ ಹಾಕುತ್ತೇನೆ. ಫಸಲ್ ಬಿಮಾ ಕಂತು ಗಡುವಿನೊಳಗೆ ಕಟ್ಟುತ್ತೇನೆ. ಹೊಲದಲ್ಲಿ ನೀರು ನಿಂತು ಅಥವಾ ಆಲಿಕಲ್ಲಿನಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸುತ್ತೇನೆ. ಗೊತ್ತಾಗದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳುತ್ತೇನೆ. ಹರಕೆಯ ರೊಕ್ಕ ಈ ಕಂತಿಗೆ ಸಾಕಾಗುತ್ತದೆ.

4. ಕಷ್ಟದಲ್ಲಿರುವ ಒಂದು ಮನೆಗೆ ಇವತ್ತು ಹೋಗಿ ಕೂಡುತ್ತೇನೆ. ನನ್ನ ಕಷ್ಟ ಇದ್ದರೆ ಒಬ್ಬರಿಗಾದರೂ ಖರೇ ಹೇಳುತ್ತೇನೆ.

ಇವತ್ತು ಸಂಜೆ ಎಂದಿನಂತೆ ವಿಹಾರದಲ್ಲಿ ವಂದನೆ, ಆಮೇಲೆ ಗ್ರಂಥವಾಚನ. ಮಕ್ಕಳನ್ನೂ ಕರೆದುಕೊಂಡು ಬನ್ನಿರಿ. ಈ ಚಿಂತನೆ ಸರಿ ಕಂಡರೆ ನಿಮ್ಮ ಬಳಗಕ್ಕೆ ಕಳಿಸಿರಿ, ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.